ತಣ್ಣಗಿದ್ದು ಕೆಡುವ ಎಂಜಿನ್

ಎಂಜಿನ್ ಕಾದರೆ ಯಾರಿಗಾದರೂ ಗೊತ್ತಾಗುತ್ತದೆ. ಕಾಯಬೇಕಾದಷ್ಟು ಕಾಯದಿದ್ದರೆ ಗೊತ್ತಾಗುವುದು ತಿಂಗಳುಗಳ ಮೇಲೆ, ಮೆಕ್ಯಾನಿಕ್ ಬಿಲ್ಲು ಕೈಗೆ ಬಂದಾಗ. ಕೇರಳದ ಉಪ್ಪಳದ ಮೂಸೋಡಿಯಲ್ಲಿ, ಹೊಳೆ ಕಡಲು ಸೇರುವ ಅಳಿವೆಯ ಆಸುಪಾಸಿನಿಂದ ಔಟ್‌ಬೋರ್ಡ್ ಎಂಜಿನ್ ಕಟ್ಟಿಕೊಂಡು ಹೊರಡುವ ದೋಣಿಗಳಿಗೆ ಈ ಎರಡನೆಯ ಕಾಯಿಲೆಯೇ ಹೆಚ್ಚು ಕಪಟದ್ದು. ಎರಡಕ್ಕೂ ಕಾರಣವಾಗಬಲ್ಲ ಭಾಗ ಒಂದೇ: ಹೆಬ್ಬೆರಳ ಗಾತ್ರದ ಥರ್ಮೋಸ್ಟಾಟ್.

ಔಟ್‌ಬೋರ್ಡ್‌ಗೆ ರೇಡಿಯೇಟರ್ ಇಲ್ಲ. ತಳದ ಪಂಪಿನ ರಬ್ಬರ್ ಇಂಪೆಲ್ಲರ್ ಕಡಲ ನೀರನ್ನೇ ಎಳೆದು ಸಿಲಿಂಡರಿನ ಸುತ್ತ ತಳ್ಳುತ್ತದೆ. ಆ ನೀರು ಎಷ್ಟು ಹೊತ್ತು ಒಳಗಿರಬೇಕು, ಯಾವಾಗ ಹೊರಗೆ ಹೋಗಬೇಕು ಎಂದು ತೀರ್ಮಾನಿಸುವುದು ಥರ್ಮೋಸ್ಟಾಟ್. ಅದರೊಳಗೆ ಚಿಟಿಕೆಯಷ್ಟು ಮೇಣ. ಕಾದಾಗ ಮೇಣ ಹಿಗ್ಗಿ ಕಡ್ಡಿಯೊಂದನ್ನು ತಳ್ಳುತ್ತದೆ, ಬಾಗಿಲು ತೆರೆಯುತ್ತದೆ. ತಣಿದರೆ ಸ್ಪ್ರಿಂಗು ಅದನ್ನು ಮುಚ್ಚುತ್ತದೆ. ವಯರಿಲ್ಲ, ಬ್ಯಾಟರಿಯಿಲ್ಲ. 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವೆರ್ನೆ ರೂಪಿಸಿದ ಈ ಉಪಾಯ ಇವತ್ತಿಗೂ ಹೆಚ್ಚು ಬದಲಾಗಿಲ್ಲ.

ಕಾರಿನ ಥರ್ಮೋಸ್ಟಾಟ್ 80 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಬಾಯಿ ಬಿಡುತ್ತದೆ. ಔಟ್‌ಬೋರ್ಡಿನದು ಸಾಮಾನ್ಯವಾಗಿ 50ರಿಂದ 60 ಡಿಗ್ರಿಯೊಳಗೆ. ವ್ಯತ್ಯಾಸಕ್ಕೆ ಕಾರಣ ಉಪ್ಪು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ. ನೀರು ಅತಿಯಾಗಿ ಕಾದರೆ ಅದರಲ್ಲಿನ ಸುಣ್ಣದಂಶ ಎಂಜಿನ್ನಿನ ನಾಳಗಳಲ್ಲಿ ಹಕ್ಕಳೆಗಟ್ಟುತ್ತದೆ. ಹಾಗಾಗಿ ಗಾತ್ರ ಹೊಂದುತ್ತದೆಂದು ಯಾವುದೋ ವಾಹನದ ಥರ್ಮೋಸ್ಟಾಟ್ ತಂದು ಕೂರಿಸುವುದು ಎಂಜಿನ್ನನ್ನು ಒಳಗಿನಿಂದ ಕಲ್ಲಾಗಿಸುವ ಕೆಲಸ.

ಮುಚ್ಚಿದಲ್ಲೇ ಸಿಕ್ಕಿಕೊಂಡರೆ ಕತೆ ಬೇಗ ಮುಗಿಯುತ್ತದೆ: ಕಾವು ಏರುತ್ತದೆ, ಅಲಾರಂ ಇದ್ದರೆ ಕೂಗುತ್ತದೆ, ಇಲ್ಲದಿದ್ದರೆ ಪಿಸ್ಟನ್ನೇ ಹಿಡಿದುಕೊಳ್ಳುತ್ತದೆ. ಬದಿಯ ತೂತಿನಿಂದ ನೀರು ಚಿಮ್ಮುತ್ತಿದೆಯಲ್ಲ ಎಂಬ ಧೈರ್ಯ ಸಾಲದು. ಹಲವು ಎಂಜಿನ್‌ಗಳಲ್ಲಿ ಆ ನೀರು ಥರ್ಮೋಸ್ಟಾಟ್ ತಲುಪುವ ಮೊದಲೇ ಕವಲೊಡೆದು ಬರುವಂಥದ್ದು. ಪಂಪು ದುಡಿಯುತ್ತಿದೆ ಎಂಬುದಕ್ಕೆ ಮಾತ್ರ ಅದು ಸಾಕ್ಷಿ.

ಇನ್ನು, "ನಮ್ಮದು ಸೆಕೆಯ ಊರು, ಥರ್ಮೋಸ್ಟಾಟನ್ನೇ ಕಿತ್ತು ಬಿಸಾಡಿ" ಎಂಬ ಸಲಹೆ. ಲಾರಿಯಿಂದ ದೋಣಿಯವರೆಗೆ ಚಾಲ್ತಿಯಲ್ಲಿರುವ ಈ ಮದ್ದಿಗೆ ನನ್ನ ಒಪ್ಪಿಗೆಯಿಲ್ಲ. ಹೊರಗೆ ಎಷ್ಟೇ ಸೆಕೆಯಿರಲಿ, ಇಲ್ಲಿಯ ಕಡಲ ನೀರು 30 ಡಿಗ್ರಿಯ ಆಚೀಚೆ. ಸಿಲಿಂಡರಿನ ಲೆಕ್ಕದಲ್ಲಿ ಅದು ತಣ್ಣೀರೇ. ಸೀಮೆಎಣ್ಣೆಯಲ್ಲಿ ಓಡುವ ಎಂಜಿನ್ನಿಗಂತೂ ಕಾವು ಬೇಕೇ ಬೇಕು. 1980ರ ದಶಕದಲ್ಲಿ ಕೇರಳದ ನಾಡದೋಣಿಗಳಿಗೆ ಔಟ್‌ಬೋರ್ಡ್ ವ್ಯಾಪಕವಾಗಿ ಬಂದಾಗಿನಿಂದ ಮೀನುಗಾರರು ನಡೆಸಿಕೊಂಡು ಬಂದ ಕ್ರಮ ಗಮನಿಸಿ: ಪೆಟ್ರೋಲಿನಲ್ಲಿ ಸ್ಟಾರ್ಟ್, ಬಿಸಿಯಾದ ಮೇಲೆ ಸೀಮೆಎಣ್ಣೆ, ನಿಲ್ಲಿಸುವ ಮುಂಚೆ ಮತ್ತೆ ಪೆಟ್ರೋಲು. ತಣ್ಣಗಿರುವ ಸಿಲಿಂಡರಿನಲ್ಲಿ ಸೀಮೆಎಣ್ಣೆ ಸರಿಯಾಗಿ ಆವಿಯಾಗುವುದಿಲ್ಲ. ಅರೆಬೆಂದ ಇಂಧನ ಪ್ಲಗ್ಗಿಗೆ ಮಸಿಯಾಗಿ ಮೆತ್ತುತ್ತದೆ, ಹೊಗೆ ದಟ್ಟವಾಗುತ್ತದೆ, ಎಂಜಿನ್ ದುಬಾರಿ ಎಣ್ಣೆಯನ್ನು ಇನ್ನಷ್ಟು ಕುಡಿಯುತ್ತದೆ. ಫೋರ್‌ಸ್ಟ್ರೋಕ್ ಎಂಜಿನ್ನಾದರೆ ಸುಡದ ಇಂಧನ ಕೆಳಗಿಳಿದು ಆಯಿಲಿಗೆ ಬೆರೆಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿರುವುದನ್ನು ಕಂಡು ಆಯಿಲ್ ಉಳಿಯಿತೆಂದು ಖುಷಿಪಡುವವರೂ ಇದ್ದಾರೆ.

ಕಿತ್ತು ಎಸೆಯದೆಯೂ ಇದೇ ಗತಿ ಬರಬಹುದು. ಅಳಿವೆಯ ಮರಳುದಿಬ್ಬದ ಮೇಲೆ ದೋಣಿ ಹಾಯುವಾಗ ಇಂಪೆಲ್ಲರ್ ನೀರಿನ ಜೊತೆ ಮರಳನ್ನೂ ಎಳೆಯುತ್ತದೆ. ಒಂದು ಕಾಳು ಥರ್ಮೋಸ್ಟಾಟಿನ ಬಾಗಿಲ ಸಂದಿನಲ್ಲಿ ಕೂತರೆ ಅದು ತೆರೆದೇ ಇರುತ್ತದೆ. 2020ರಲ್ಲಿ ಉದ್ಘಾಟನೆಗೊಂಡ ಮಂಜೇಶ್ವರ ಮೀನುಗಾರಿಕಾ ಬಂದರು ಇದೇ ಹೊಳೆಬಾಯಲ್ಲಿದೆ. ಅದರ ಅಲೆತಡೆ ಗೋಡೆ ಬಂದ ಮಾತ್ರಕ್ಕೆ ಮರಳು ತನ್ನ ಓಡಾಟ ಬಿಡುವುದಿಲ್ಲ.

ಪರೀಕ್ಷೆಗೆ ವರ್ಕ್‌ಶಾಪ್ ಬೇಡ, ಅಡುಗೆಮನೆ ಸಾಕು. ಮೂರೋ ನಾಲ್ಕೋ ಬೋಲ್ಟು ಬಿಚ್ಚಿ ಥರ್ಮೋಸ್ಟಾಟ್ ಹೊರತೆಗೆಯಿರಿ. ತಣ್ಣಗಿರುವಾಗಲೇ ಬೆಳಕು ಆಚೆ ಕಂಡರೆ ಅದು ತೆರೆದು ಸಿಕ್ಕಿಕೊಂಡಿದೆ. ಕಾಣದಿದ್ದರೆ, ಬಾಗಿಲ ಸಂದಿಗೆ ತೆಳ್ಳನೆಯ ನೂಲು ಸಿಕ್ಕಿಸಿ, ಅದೇ ನೂಲಿನಿಂದ ಪಾತ್ರೆಯ ನೀರಿನಲ್ಲಿ ತಳ ತಾಗದಂತೆ ಇಳಿಬಿಡಿ. ಪಕ್ಕದಲ್ಲೊಂದು ಥರ್ಮಾಮೀಟರ್, ಮನೆಯ ಜ್ವರದ್ದಲ್ಲ, ಅದು 42 ಡಿಗ್ರಿಗೇ ಸೋಲುತ್ತದೆ. ನಿಧಾನವಾಗಿ ಕಾಯಿಸಿ. ಬಾಗಿಲು ತೆರೆದ ಕ್ಷಣ ನೂಲು ಜಾರಿ ಥರ್ಮೋಸ್ಟಾಟ್ ತಳಕ್ಕೆ ಬೀಳುತ್ತದೆ. ಆ ಹೊತ್ತಿನ ಡಿಗ್ರಿಯನ್ನು ಕಂಪನಿಯ ಕೈಪಿಡಿಯ ಅಂಕಿಯೊಂದಿಗೆ ಹೋಲಿಸಿ. ಉಪ್ಪು ಮಾತ್ರ ಹಿಡಿದಿದ್ದರೆ ವಿನೆಗರ್‌ನಲ್ಲಿ ನೆನೆಸಿ ತೊಳೆದು ಇನ್ನೊಮ್ಮೆ ನೋಡಬಹುದು. ಸ್ಪ್ರಿಂಗು ತುಕ್ಕು ಹಿಡಿದಿದ್ದರೆ ಹೊಸದೇ ಆಗಬೇಕು. ಮರಳಿ ಕೂರಿಸುವಾಗ ಗ್ಯಾಸ್ಕೆಟ್ ಹೊಸದಿರಲಿ. ದಿನವೂ ದಡಕ್ಕೆ ಬಂದ ಮೇಲೆ ಸಿಹಿನೀರಿನಲ್ಲಿ ಎಂಜಿನ್ ಓಡಿಸಿ ತೊಳೆಯುವ ಅಭ್ಯಾಸವಿದ್ದರೆ ಈ ಸಾಹಸ ಅಪರೂಪವಾಗುತ್ತದೆ.

ಕೇರಳದಲ್ಲಿ ಟ್ರಾಲಿಂಗ್ ನಿಷೇಧ ಜೂನ್ 9ರ ನಡುರಾತ್ರಿಯಿಂದ ಜುಲೈ 31ರವರೆಗೆ, 52 ದಿನ. ತಲಪಾಡಿಯ ಆಚೆ ಕರ್ನಾಟಕದಲ್ಲಿ ಜೂನ್ 1ರಿಂದಲೇ, 61 ದಿನ. ದೊಡ್ಡ ಬೋಟುಗಳ ರಿಪೇರಿಗೆ ಅದು ಸುಗ್ಗಿಯ ಕಾಲ. ಮೂಸೋಡಿಯ ನಾಡದೋಣಿಗಳಿಗೆ ಆ ಬಿಡುವಿಲ್ಲ. ನಿಷೇಧ ಅವಕ್ಕೆ ಅನ್ವಯಿಸುವುದಿಲ್ಲ, ಬಲೆ ಬೀಸುವ ದಿನಗಳೇ ಅವು, ಹೊಳೆಬಾಯಿ ಕೆಂಪಾಗಿ ಮರಳು ಕದಡುವ ದಿನಗಳೂ ಅವೇ. ನೂಲು, ಪಾತ್ರೆ, ಹೊಸ ಗ್ಯಾಸ್ಕೆಟ್ಟಿನ ಕೆಲಸವನ್ನು ಮೇ ತಿಂಗಳಲ್ಲೇ ಮುಗಿಸಬೇಕು.