ತೋಟದ ಮನೆಗೆ ಬಿಸಿಲು, ಬ್ಯಾಟರಿ ಮತ್ತು ಸಣ್ಣ ಜನರೇಟರ್: ಮೂರನ್ನೂ ಹೊಂದಿಸುವ ಕ್ರಮ

ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳಲ್ಲಿ ರೇಷ್ಮೆ ಮತ್ತು ಹೈನುಗಾರಿಕೆ ರೈತರ ಕೈಗೆ ವರ್ಷವಿಡೀ ಹಣ ತರುವ ಕಸುಬುಗಳು. ಹಿಪ್ಪುನೇರಳೆ ಬೆಳೆಯುವ ಅನೇಕ ರೈತರು ಊರು ಬಿಟ್ಟು ತೋಟದಲ್ಲಿಯೇ ಮನೆ ಮಾಡಿಕೊಂಡಿದ್ದಾರೆ. ಹುಳು ಸಾಕುವ ಮನೆಯೂ ಅಲ್ಲಿಯೇ ಇರುತ್ತದೆ. ಊರೊಳಗಿನ ಮನೆಗಳಿಗೆ ದಿನವಿಡೀ ವಿದ್ಯುತ್ತು ಸಿಕ್ಕರೂ, ಪಂಪ್‌ಸೆಟ್ಟಿನ ಮಾರ್ಗವನ್ನೇ ನಂಬಿರುವ ತೋಟದ ಮನೆಗಳಿಗೆ ಆ ಭಾಗ್ಯವಿಲ್ಲ. ಆದುದರಿಂದ ತೊಂಡೇಬಾವಿಯಂಥ ಹೋಬಳಿಗಳಲ್ಲಿಯೂ ಛಾವಣಿಯ ಮೇಲೆ ಸೌರ ಫಲಕ, ಒಳಗೆ ಇನ್ವರ್ಟರ್ ಮತ್ತು ಬ್ಯಾಟರಿ, ಹಿತ್ತಿಲಲ್ಲಿ ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳಬೇಕೆಂಬ ಯೋಚನೆ ರೈತರಿಗೆ ಬರುವುದು ಸಹಜ.

ಆದರೆ ಮೂರನ್ನೂ ಕೊಂಡು ತಂದ ಮಾತ್ರಕ್ಕೆ ಕೆಲಸ ಆಗುವುದಿಲ್ಲ. ಯಾವುದು ಯಾವಾಗ ದುಡಿಯಬೇಕು ಎಂಬುದು ಗೊತ್ತಿಲ್ಲದಿದ್ದರೆ ಪೆಟ್ರೋಲು ಪೋಲಾಗುತ್ತದೆ, ಬ್ಯಾಟರಿ ಬೇಗ ಸಾಯುತ್ತದೆ, ಜೋಡಣೆ ತಪ್ಪಿದರೆ ಮನುಷ್ಯರ ಪ್ರಾಣಕ್ಕೂ ಅಪಾಯ ಉಂಟು.

ಬೇಕಾದ ದಿನವೇ ಬಿಸಿಲಿಲ್ಲ

ಹುಳು ಹಣ್ಣಾಗಿ ಚಂದ್ರಿಕೆಗೆ ಬಿಟ್ಟ ಮೇಲಿನ ಎರಡು ಮೂರು ದಿನಗಳನ್ನು ನೆನಪಿಸಿಕೊಳ್ಳಿ. ಗೂಡು ಕಟ್ಟುವಾಗ ಉಷ್ಣತೆ ಸುಮಾರು 24-25 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇಕಡಾ 60-65 ಇರಬೇಕು. ಹಣ್ಣು ಹುಳುಗಳು ವಿಸರ್ಜಿಸುವ ಮೂತ್ರದಿಂದ ಮನೆಯ ತೇವಾಂಶ ಏರುತ್ತದೆ. ಆ ಗಾಳಿಯನ್ನು ಹಗಲು ರಾತ್ರಿ ಹೊರಗೆ ಹಾಕದಿದ್ದರೆ ಗೂಡಿನ ನೂಲು ಸಲೀಸಾಗಿ ಬಿಚ್ಚುವುದಿಲ್ಲ, ಶಿಡ್ಲಘಟ್ಟದ ಮಾರುಕಟ್ಟೆಯಲ್ಲಿ ಬೆಲೆ ಬೀಳುತ್ತದೆ. ಒಂದು ಬೆಳೆಯ ಇಡೀ ದುಡಿಮೆ ಈ ಎರಡು ಮೂರು ರಾತ್ರಿಗಳ ಗಾಳಿಯಾಟದ ಮೇಲೆ ನಿಂತಿದೆ ಎಂದರೆ ತಪ್ಪಾಗಲಾರದು.

ಮಳೆಗಾಲದಲ್ಲಿ ತೇವಾಂಶ ಹೆಚ್ಚು, ಆದುದರಿಂದ ಫ್ಯಾನು ಹೆಚ್ಚು ಹೊತ್ತು ತಿರುಗಬೇಕು. ಅದೇ ಕಾಲದಲ್ಲಿ ಮೋಡ ಕವಿದು ಫಲಕಗಳ ಉತ್ಪತ್ತಿ ಕುಗ್ಗುತ್ತದೆ. ಗಾಳಿ ಮಳೆಗೆ ವಿದ್ಯುತ್ ಮಾರ್ಗವೂ ಕೆಡುತ್ತದೆ. ಬಿಸಿಲನ್ನು ಮಾತ್ರ ನಂಬಿದರೆ ಸಾಲದು ಎನ್ನುವುದಕ್ಕೆ ಇದೇ ಕಾರಣ. ವರ್ಷದಲ್ಲಿ ಬರುವ ಇಂಥ ಕೆಲವೇ ದಿನಗಳಿಗಾಗಿ ಫಲಕ, ಬ್ಯಾಟರಿಗಳನ್ನು ಎರಡು ಮೂರು ಪಟ್ಟು ಹೆಚ್ಚಿಸುವುದಕ್ಕಿಂತ ಒಂದು ಸಣ್ಣ ಜನರೇಟರ್ ಇಟ್ಟುಕೊಳ್ಳುವುದು ಅಗ್ಗ.

ಇನ್ವರ್ಟರಿನಲ್ಲಿ ಮೂರು ಬಗೆ

1. ಜಾಲಕ್ಕೆ ಜೋಡಿಸುವ ಇನ್ವರ್ಟರ್ (ಆನ್-ಗ್ರಿಡ್): ಇದರಲ್ಲಿ ಬ್ಯಾಟರಿ ಇರುವುದಿಲ್ಲ. ಮನೆಯಲ್ಲಿ ಬಳಸಿ ಉಳಿದ ವಿದ್ಯುತ್ತು ಕಂಪನಿಯ ತಂತಿಗೆ ಹೋಗುತ್ತದೆ. ಕರೆಂಟು ಹೋದ ಕೂಡಲೇ ಇದು ತಾನಾಗಿಯೇ ನಿಂತುಬಿಡುತ್ತದೆ, ನೆತ್ತಿಯ ಮೇಲೆ ಬಿಸಿಲಿದ್ದರೂ ದೀಪ ಉರಿಯುವುದಿಲ್ಲ. ಇದು ದೋಷವಲ್ಲ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಮ್ಮ ಛಾವಣಿಯ ವಿದ್ಯುತ್ತು ತಾಗಬಾರದೆಂದು ಹಾಗೆ ಮಾಡಿದ್ದಾರೆ.

2. ಸ್ವತಂತ್ರ ಸೌರ ಇನ್ವರ್ಟರ್ (ಆಫ್-ಗ್ರಿಡ್): ಫಲಕದಿಂದಲೂ, ಕಂಪನಿಯ ವಿದ್ಯುತ್ತಿನಿಂದಲೂ ಬ್ಯಾಟರಿ ತುಂಬಿಸಿಕೊಂಡು ಮನೆಗೆ ಕೊಡುತ್ತದೆ. ತಂತಿಗೆ ಮರಳಿ ಕೊಡುವುದಿಲ್ಲ.

3. ಮಿಶ್ರ ಇನ್ವರ್ಟರ್ (ಹೈಬ್ರಿಡ್): ಎರಡು ಕೆಲಸವನ್ನೂ ಮಾಡುತ್ತದೆ, ಬೆಲೆ ಹೆಚ್ಚು.

2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಗಳಿಗೆ 1 ಕಿಲೋವ್ಯಾಟಿಗೆ 30,000 ರೂ., 2 ಕಿಲೋವ್ಯಾಟಿಗೆ 60,000 ರೂ., 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ 78,000 ರೂ. ಸಹಾಯಧನ ಗೊತ್ತುಪಡಿಸಲಾಯಿತು. ಇದು ಜಾಲಕ್ಕೆ ಜೋಡಿಸಿದ ಛಾವಣಿ ಘಟಕಗಳಿಗೆ ಸಲ್ಲುವ ಸಹಾಯಧನ. ಸಹಾಯಧನವೊಂದನ್ನೇ ನೋಡಿ ಮೊದಲನೇ ಬಗೆಯದನ್ನು ಹಾಕಿಸಿದರೆ ಬಿಲ್ಲು ಇಳಿಯುತ್ತದೆಯೇ ಹೊರತು ಕರೆಂಟು ಹೋದಾಗ ಫ್ಯಾನು ತಿರುಗುವುದಿಲ್ಲ. ಹುಳು ಮನೆ ಇರುವವರು ಎರಡನೆಯ ಅಥವಾ ಮೂರನೆಯ ಬಗೆಯನ್ನು ಆರಿಸಿಕೊಳ್ಳತಕ್ಕದ್ದು.

ಮೊದಲು ಲೆಕ್ಕ, ಆಮೇಲೆ ಕೊಳ್ಳುವಿಕೆ

ತೋಟದ ಮನೆಯೊಂದರ ದಿನದ ಖರ್ಚು ಹೀಗಿದೆಯೆಂದು ಇಟ್ಟುಕೊಳ್ಳೋಣ:

ಮನೆಯ ದೀಪ: 6 × 9 ವ್ಯಾಟ್ × 5 ಗಂಟೆ = 270
ಮನೆಯ ಫ್ಯಾನು (ಕಡಿಮೆ ವಿದ್ಯುತ್ತಿನವು): 2 × 30 ವ್ಯಾಟ್ × 8 ಗಂಟೆ = 480
ಟಿ.ವಿ.: 60 ವ್ಯಾಟ್ × 3 ಗಂಟೆ = 180
ಮೊಬೈಲ್ ಮುಂತಾದವು = 50
ಹುಳು ಮನೆಯ ಟ್ಯೂಬ್ ದೀಪ: 4 × 20 ವ್ಯಾಟ್ × 6 ಗಂಟೆ = 480
ಹುಳು ಮನೆಯ ಗಾಳಿ ಹೊರಹಾಕುವ ಫ್ಯಾನು: 2 × 50 ವ್ಯಾಟ್ × 6 ಗಂಟೆ = 600
ಒಟ್ಟು = 2,060 ವ್ಯಾಟ್-ಗಂಟೆ, ಅಂದರೆ ಸುಮಾರು 2 ಯೂನಿಟ್

ಇನ್ವರ್ಟರ್ ಮತ್ತು ಬ್ಯಾಟರಿಯಲ್ಲಿ ಆಗುವ ನಷ್ಟವನ್ನೂ ಸೇರಿಸಿದರೆ ಎರಡೂವರೆ ಯೂನಿಟ್ ಬೇಕು. ಇದರಲ್ಲಿ ಸೂರ್ಯ ಮುಳುಗಿದ ಮೇಲೆ ಬೇಕಾಗುವುದು ಸುಮಾರು ಒಂದೂವರೆ ಯೂನಿಟ್.

ಹಳೆಯ ಮಾದರಿಯ ಸೀಲಿಂಗ್ ಫ್ಯಾನು 75 ವ್ಯಾಟಿನಷ್ಟು ಎಳೆಯುತ್ತದೆ. ಎರಡು ಫ್ಯಾನು ಬದಲಾಯಿಸಿದರೆ ದಿನಕ್ಕೆ ಮುಕ್ಕಾಲು ಯೂನಿಟ್‌ನಷ್ಟು ಉಳಿಯುತ್ತದೆ. ಬ್ಯಾಟರಿ ಹೆಚ್ಚಿಸುವ ಮುನ್ನ ಫ್ಯಾನು ಬದಲಾಯಿಸುವುದು ಲಾಭಕರ.

ಫಲಕ: ನಮ್ಮ ಭಾಗದಲ್ಲಿ 1 ಕಿಲೋವ್ಯಾಟ್ ಫಲಕದಿಂದ ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ನಿರೀಕ್ಷಿಸಬಹುದು. ದಟ್ಟ ಮೋಡದ ದಿನ ಇದರ ಕಾಲು ಭಾಗಕ್ಕೂ ಇಳಿಯಬಹುದು. ಮೇಲಿನ ಮನೆಗೆ 1 ಕಿಲೋವ್ಯಾಟ್ ತಕ್ಕುದಾಗಿದೆ. ಫಲಕಗಳು ದಕ್ಷಿಣಕ್ಕೆ ಮುಖ ಮಾಡಿ ಸುಮಾರು 13ರಿಂದ 15 ಡಿಗ್ರಿ ಓರೆಯಾಗಿರಲಿ. ತೆಂಗಿನ ಗರಿಯ ನೆರಳೊಂದು ಬಿದ್ದರೂ ಉತ್ಪತ್ತಿ ಬಹಳ ಕುಗ್ಗುತ್ತದೆ.

ಬ್ಯಾಟರಿ: 12 ವೋಲ್ಟ್, 150 ಆಂಪಿಯರ್-ಗಂಟೆಯ ಎರಡು ಟ್ಯೂಬುಲರ್ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿದರೆ 24 ವೋಲ್ಟ್ ಆಗುತ್ತದೆ. ಅದರ ಹಿಡಿತ 3.6 ಯೂನಿಟ್. ಆದರೆ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಿದಷ್ಟೂ ಅದರ ಆಯುಷ್ಯ ಕಡಿಮೆಯಾಗುತ್ತದೆ. ಆದುದರಿಂದ ಕೈಗೆ ಸಿಗುವುದು 1.8 ಯೂನಿಟ್ ಮಾತ್ರ ಎಂದು ತಿಳಿಯಬೇಕು. ಲಿಥಿಯಂ ಬ್ಯಾಟರಿಯಲ್ಲಿ ಶೇಕಡಾ 80ರಷ್ಟನ್ನು ಬಳಸಬಹುದು, ಬೇಗನೆಯೂ ತುಂಬುತ್ತದೆ. ಮೊದಲ ಖರ್ಚು ಹೆಚ್ಚು, ಇನ್ವರ್ಟರ್ ಅದಕ್ಕೆ ಹೊಂದುವಂತಿರಬೇಕು.

ಕೊಳವೆ ಬಾವಿಯ ಮೋಟಾರು, ನೀರು ಕಾಯಿಸುವ ಹೀಟರ್, ಕೋಣೆ ಬೆಚ್ಚಗಿಡುವ ಹೀಟರ್ ಇವುಗಳನ್ನು ಈ ಇನ್ವರ್ಟರಿಗೆ ಕೊಡಬಾರದು. 1 ಅಶ್ವಶಕ್ತಿ ಎಂದರೆ 746 ವ್ಯಾಟ್. ಮೋಟಾರು ಹೊರಡುವಾಗ ಅದರ ಹಲವು ಪಟ್ಟು ಎಳೆಯುತ್ತದೆ. ಪಂಪಿಗೆ ಸೌರಶಕ್ತಿ ಬೇಕಿದ್ದರೆ ಅದಕ್ಕೆಂದೇ ಪ್ರತ್ಯೇಕ ಘಟಕವಿರಬೇಕು.

ಜನರೇಟರ್ ದುಡಿಯಬೇಕಾದುದು ಹೇಗೆ?

ಸಾಮಾನ್ಯವಾಗಿ ಕರೆಂಟು ಹೋದ ಕೂಡಲೇ ಜನರೇಟರ್ ಹೊರಡಿಸಿ, ನಾಲ್ಕು ದೀಪ, ಎರಡು ಫ್ಯಾನಿಗಾಗಿ ಬೆಳಗಿನವರೆಗೆ ಓಡಿಸುತ್ತಾರೆ. ಇದೇ ದೊಡ್ಡ ನಷ್ಟ. 1 ಕಿ.ವಿ.ಎ. ಪೆಟ್ರೋಲ್ ಜನರೇಟರ್ 150 ವ್ಯಾಟಿನ ಹಗುರ ಹೊರೆಯಲ್ಲಿಯೂ ಗಂಟೆಗೆ ಸುಮಾರು 300ರಿಂದ 400 ಮಿಲಿಲೀಟರ್ ಕುಡಿಯುತ್ತದೆ. 12 ಗಂಟೆಗೆ 4 ಲೀಟರ್ ಆಯಿತು. ಸಿಕ್ಕಿದ್ದು 2 ಯೂನಿಟ್‌ಗೂ ಕಡಿಮೆ. ಅದೇ ಯಂತ್ರವನ್ನು 650 ವ್ಯಾಟಿನ ತಕ್ಕ ಹೊರೆಯಲ್ಲಿ 3 ಗಂಟೆ ಓಡಿಸಿದರೆ ಸುಮಾರು ಒಂದೂವರೆ ಲೀಟರಿನಲ್ಲಿ ಅಷ್ಟೇ ವಿದ್ಯುತ್ತು ಸಿಗುತ್ತದೆ. ಹಗುರ ಹೊರೆಯಲ್ಲಿ ಬಹಳ ಹೊತ್ತು ಓಡಿಸಿದರೆ ಯಂತ್ರದೊಳಗೆ ಮಸಿಯೂ ಕಟ್ಟುತ್ತದೆ.

ಆದುದರಿಂದ ಜನರೇಟರಿನ ಕೆಲಸ ಬ್ಯಾಟರಿ ತುಂಬುವುದು, ರಾತ್ರಿಯಿಡೀ ದೀಪ ಉರಿಸುವುದು ಬ್ಯಾಟರಿಯ ಕೆಲಸ. ಇದೇ ಈ ಜೋಡಣೆಯ ಮುಖ್ಯ ಸೂತ್ರ.

ಬ್ಯಾಟರಿ ತುಂಬುವ ರೀತಿಯನ್ನೂ ತಿಳಿದಿರಬೇಕು. 150 ಆಂಪಿಯರ್-ಗಂಟೆಯ ಬ್ಯಾಟರಿಗೆ ಅದರ ಹತ್ತನೇ ಒಂದು ಭಾಗ, ಅಂದರೆ 15 ಆಂಪಿಯರ್ ಹಾಯಿಸುವುದು ಕ್ಷೇಮ. 24 ವೋಲ್ಟ್ ಜೋಡಿಗೆ ಇದು ಸುಮಾರು 420 ವ್ಯಾಟ್ ಆಗುತ್ತದೆ. ಅರ್ಧ ಇಳಿದ ಬ್ಯಾಟರಿ ಶೇಕಡಾ 80-85ರವರೆಗೆ ಸುಮಾರು 3 ಗಂಟೆಯಲ್ಲಿ ಏರುತ್ತದೆ. ಅಲ್ಲಿಂದ ಮುಂದೆ ಅದು ಕರೆಂಟನ್ನು ನಿಧಾನವಾಗಿ ಹೀರುತ್ತದೆ. ಉಳಿದ ಭಾಗ ತುಂಬಲು ಇನ್ನೂ ಹಲವು ಗಂಟೆ ಬೇಕು. ಆ ಹೊತ್ತಿನಲ್ಲಿ ಜನರೇಟರ್ ಓಡಿಸುವುದು ದಂಡ. ಅದನ್ನು ನಿಲ್ಲಿಸಿ, ಉಳಿದದ್ದನ್ನು ಮರುದಿನದ ಬಿಸಿಲಿಗೆ ಬಿಡಬೇಕು. ಬಿಸಿಲಿಗೆ ಬೆಲೆಯಿಲ್ಲ, ಅವಸರವೂ ಇಲ್ಲ. ಮೋಡದ ದಿನಗಳು ಮುಗಿದ ಕೂಡಲೇ ಬ್ಯಾಟರಿಯನ್ನು ಒಮ್ಮೆ ಪೂರ್ತಿ ತುಂಬಿಸುವುದು ಅವಶ್ಯ. ಅರೆಹೊಟ್ಟೆಯಲ್ಲಿ ಬಹುಕಾಲ ಇಟ್ಟ ಸೀಸದ ಬ್ಯಾಟರಿ ಕೆಡುತ್ತದೆ.

ಗೂಡು ಕಟ್ಟುವ ರಾತ್ರಿಗೆ ಈ ಲೆಕ್ಕ ಹಾಕಿ ನೋಡೋಣ. ದಿನವಿಡೀ ಮೋಡ, ಕರೆಂಟಿಲ್ಲ, ಸಂಜೆಗೆ ಬ್ಯಾಟರಿ ಅರ್ಧಕ್ಕೆ ಬಂದಿದೆ. 6ರಿಂದ 9 ಗಂಟೆಯವರೆಗೆ ಜನರೇಟರ್ ಓಡಿಸಿದರೆ ಅಡಿಗೆ, ಊಟದ ಹೊತ್ತಿನ ದೀಪಗಳೂ ಹುಳು ಮನೆಯ ಫ್ಯಾನುಗಳೂ ಅದರಲ್ಲೇ ನಡೆಯುತ್ತವೆ, ಬ್ಯಾಟರಿಗೂ 1.1ರಿಂದ 1.2 ಯೂನಿಟ್ ಸೇರುತ್ತದೆ. 9ರಿಂದ ಬೆಳಗಿನ 6ರವರೆಗೆ 50 ವ್ಯಾಟಿನ ಎರಡು ಫ್ಯಾನುಗಳಿಗೆ 0.9 ಯೂನಿಟ್ ಬೇಕು. ಒಂದೆರಡು ದೀಪ ಮತ್ತು ನಷ್ಟ ಸೇರಿ ಸರಿಹೋಯಿತು. ಆ ರಾತ್ರಿ ಮನೆಯ ಫ್ಯಾನು, ಟಿ.ವಿ.ಗಳಿಗೆ ವಿರಾಮ ಕೊಡಬೇಕು. ಗೂಡು ಕಟ್ಟುವಾಗ ಹುಳುಗಳಿಗೆ ಪ್ರಖರ ಬೆಳಕೂ ಬೇಡ.

ಹಾಲು ಕರೆಯುವ ಯಂತ್ರವಿದ್ದವರು ಕರೆಯುವ ವೇಳೆಗೇ ಜನರೇಟರ್ ಓಡಿಸಿದರೆ ಎರಡೂ ಕೆಲಸ ಒಟ್ಟಿಗೆ ಆಗುತ್ತವೆ. ಆದರೆ ಮೋಟಾರು ಹೊರಡುವ ಎಳೆತವನ್ನು ತಡೆಯಲು 2 ಕಿ.ವಿ.ಎ.ಗೆ ಕಡಿಮೆಯಿಲ್ಲದ ಯಂತ್ರ ಬೇಕು.

ಜೋಡಿಸುವ ಕ್ರಮ

1. ಕಂಪನಿಯ ವಿದ್ಯುತ್ತು ಮತ್ತು ಜನರೇಟರ್ ಎರಡೂ ಒಂದು ಚೇಂಜ್ ಓವರ್ ಸ್ವಿಚ್ಚಿಗೆ ಬರಬೇಕು. ಅದರ ಹಿಡಿ ಒಂದು ಕಡೆಗಿದ್ದರೆ ಇನ್ನೊಂದು ಕಡೆಯದು ಕಡಿದಿರುತ್ತದೆ. ಸ್ವಿಚ್ಚಿನಿಂದ ಇನ್ವರ್ಟರಿನ ಒಳಬರುವ ತಂತಿಗೆ, ಇನ್ವರ್ಟರಿನಿಂದ ಮನೆಗೆ.

2. ಎರಡು ಕಡೆಯೂ ಪಿನ್ನು ಇರುವ ತಂತಿಯಿಂದ ಜನರೇಟರನ್ನು ಗೋಡೆಯ ಪ್ಲಗ್ಗಿಗೆ ಎಂದಿಗೂ ಕೊಡಬಾರದು. ಆ ವಿದ್ಯುತ್ತು ಮೀಟರ್ ದಾಟಿ ಹೊರಗಿನ ತಂತಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟಿಗೆ ಏರಿಸುತ್ತದೆ. ಕರೆಂಟಿಲ್ಲವೆಂದು ನಂಬಿ ಕಂಬ ಹತ್ತಿದವನ ಪ್ರಾಣ ಹೋಗುತ್ತದೆ.

3. ಮೊದಲನೇ ಬಗೆಯ ಇನ್ವರ್ಟರನ್ನು ಜನರೇಟರಿನ ವಿದ್ಯುತ್ತು ತೋರಿಸಿ ಎಬ್ಬಿಸುವ ಸಾಹಸ ಬೇಡ. ಮನೆಗೆ ಹೆಚ್ಚಾದ ಸೌರ ವಿದ್ಯುತ್ತು ಜನರೇಟರಿನೊಳಕ್ಕೇ ನುಗ್ಗಿ ಅದನ್ನು ಹಾಳುಮಾಡುತ್ತದೆ.

4. ಇನ್ವರ್ಟರಿನಲ್ಲಿ ಬಿಸಿಲು ಮೊದಲು, ಕಂಪನಿಯ ವಿದ್ಯುತ್ತು ಆಮೇಲೆ ಎಂಬ ಆದ್ಯತೆಯನ್ನು ಗೊತ್ತುಮಾಡಿಸಿ. ಚಾರ್ಜು ಮಾಡುವ ಕರೆಂಟನ್ನು ಬ್ಯಾಟರಿಗೂ ಜನರೇಟರಿಗೂ ಹೊಂದುವಂತೆ ಮಿತಿಗೊಳಿಸಬೇಕು.

5. ಸಣ್ಣ ಜನರೇಟರಿನ ವೋಲ್ಟೇಜು ಏರಿಳಿಯುವುದರಿಂದ ಕೆಲವು ಇನ್ವರ್ಟರುಗಳು ಅದನ್ನು ಒಪ್ಪುವುದಿಲ್ಲ. ಹೆಚ್ಚು ಏರಿಳಿತ ಸಹಿಸುವ ಸ್ಥಾನಕ್ಕೆ ಸ್ವಿಚ್ಚು ಹಾಕಬೇಕು. ಕೊಳ್ಳುವ ಮೊದಲೇ ಇದನ್ನು ಅಂಗಡಿಯವರಿಂದ ಖಚಿತಪಡಿಸಿಕೊಳ್ಳಿ.

6. ಜನರೇಟರ್ ಹೊರಡಿಸಿ ಐದು ನಿಮಿಷ ಬಿಟ್ಟು ಹೊರೆ ಕೊಡಿ; ಹೊರೆ ತೆಗೆದು ಐದು ನಿಮಿಷದ ಮೇಲೆ ನಿಲ್ಲಿಸಿ.

7. ಫಲಕದ ಚೌಕಟ್ಟು, ಇನ್ವರ್ಟರ್, ಜನರೇಟರ್ ಎಲ್ಲಕ್ಕೂ ಅರ್ತಿಂಗ್ ಇರಲಿ. ಬ್ಯಾಟರಿ ತಂತಿಗೆ ಫ್ಯೂಸ್ ಹಾಕಿಸಿ. ಜೋಡಣೆಯನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸತಕ್ಕದ್ದು.

ಎಲ್ಲಿ ಇಡಬೇಕು?

ಜನರೇಟರಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಜಾಗದಲ್ಲಿ ಮಲಗಿದವರು ಏಳುವುದಿಲ್ಲ. ಮಳೆಯೆಂದು ಅದನ್ನು ವರಾಂಡಕ್ಕಾಗಲಿ, ದನದ ಕೊಟ್ಟಿಗೆಗಾಗಲಿ ತರಬಾರದು. ಮನೆ ಮತ್ತು ಹುಳು ಮನೆಯ ಬಾಗಿಲು ಕಿಟಕಿಗಳಿಂದ ಕಡೇಪಕ್ಷ 20 ಅಡಿ ದೂರದಲ್ಲಿ, ಗಾಳಿ ಹೊಗೆಯನ್ನು ಆಚೆಗೆ ಒಯ್ಯುವ ಕಡೆ, ಬದಿಗಳು ತೆರೆದ ಸಣ್ಣ ಚಪ್ಪರದ ಕೆಳಗೆ ಇಡಬೇಕು. ಹೊಗೆ ಹುಳುಗಳಿಗೂ ಕೆಡುಕು. ಸೊಪ್ಪು ಶೇಖರಿಸುವ ಕೋಣೆಯ ಬಳಿ ಪೆಟ್ರೋಲಿನ ಡಬ್ಬಿ ಇಡಬೇಡಿ.

ಸೀಸದ ಬ್ಯಾಟರಿ ತುಂಬುವಾಗ ಹೊತ್ತಿಕೊಳ್ಳುವ ಜಲಜನಕ ಅನಿಲ ಹೊರಬರುತ್ತದೆ. ಗಾಳಿಯಾಡುವ ಜಾಗದಲ್ಲಿ, ಮಕ್ಕಳ ಕೈಗೆ ಸಿಗದಂತೆ ಇಡಿ. ಹುಳು ಮನೆಯೊಳಗೆ ಬೇಡವೇ ಬೇಡ.

ನಿರ್ವಹಣೆ

ತಿಂಗಳಿಗೊಮ್ಮೆ ಬ್ಯಾಟರಿಯ ನೀರಿನ ಮಟ್ಟ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ. ಕೊಳವೆ ಬಾವಿಯ ನೀರು ಸಲ್ಲದು. ಹೈಡ್ರೋಮೀಟರಿನಲ್ಲಿ ಸುಮಾರು 1.240 ತೋರಿಸಿದರೆ ತುಂಬಿದೆ, 1.180ರ ಆಸುಪಾಸಿಗೆ ಬಂದರೆ ಅರ್ಧ ಇಳಿದಿದೆ ಎಂದು ಸ್ಥೂಲವಾಗಿ ತಿಳಿಯಬಹುದು. ತಯಾರಕರ ಪುಸ್ತಿಕೆಯ ಅಂಕಿಯನ್ನು ಗೋಡೆಯ ಮೇಲೆ ಬರೆದಿಡಿ. ಫಲಕದ ಧೂಳನ್ನು ಹದಿನೈದು ದಿನಕ್ಕೊಮ್ಮೆ ಮುಂಜಾನೆ ತಣ್ಣಗಿರುವಾಗ ತೊಳೆಯಿರಿ. ಜನರೇಟರನ್ನು ಬಳಸದ ತಿಂಗಳುಗಳಲ್ಲಿಯೂ ಒಮ್ಮೆ ಕಾಲು ಗಂಟೆ ಹೊರೆ ಕೊಟ್ಟು ಓಡಿಸಿ, ಎಣ್ಣೆ ಪರೀಕ್ಷಿಸಿ. ಹಳೆಯ ಪೆಟ್ರೋಲು ಕಾರ್ಬುರೇಟರಿನಲ್ಲಿ ಅಂಟು ಕಟ್ಟಿಕೊಂಡು, ಹುಳು ಹಣ್ಣಾದ ರಾತ್ರಿಯೇ ಯಂತ್ರ ಹೊರಡದೆ ಹೋಗಬಹುದು. ಹುಳು ನಾಲ್ಕನೇ ಜ್ವರದಿಂದ ಎದ್ದ ದಿನವೇ ಇದನ್ನು ಪರೀಕ್ಷಿಸಿಕೊಂಡರೆ, ಚಂದ್ರಿಕೆಗೆ ಬಿಡುವ ಮೊದಲು ರಿಪೇರಿಗೆ ಸಮಯ ಉಳಿಯುತ್ತದೆ.

ರೈತ ಬಾಂಧವರು ಅಂಗಡಿಗೆ ಹೋಗುವ ಮುನ್ನ ತಮ್ಮ ಮನೆಯ ಲೆಕ್ಕವನ್ನು ಮೇಲಿನಂತೆ ಒಂದು ಹಾಳೆಯಲ್ಲಿ ಬರೆದುಕೊಳ್ಳಲಿ. ಹುಳು ಮನೆಯ ಗಾಳಿ, ತೇವಾಂಶಗಳ ಬಗ್ಗೆ ಚಿಂತಾಮಣಿಯ ರೇಷ್ಮೆ ಕೃಷಿ ಮಹಾವಿದ್ಯಾಲಯದಲ್ಲಾಗಲಿ, ಸಮೀಪದ ರೇಷ್ಮೆ ಇಲಾಖೆಯ ಸಿಬ್ಬಂದಿಯಲ್ಲಾಗಲಿ ವಿಚಾರಿಸಿ ಫ್ಯಾನಿನ ಅಳತೆಯನ್ನು ಮೊದಲು ಗೊತ್ತುಮಾಡಿಕೊಂಡರೆ, ಫಲಕ, ಬ್ಯಾಟರಿ, ಜನರೇಟರುಗಳ ಅಳತೆ ಅದರಿಂದಲೇ ಸಿಗುತ್ತದೆ.