ನವೋದ್ಯಮದ ಪಾಠ ಮಾರುಕಟ್ಟೆಯಲ್ಲೇ ಆರಂಭವಾಗಲಿ

ಕೇಂದ್ರ ಸರ್ಕಾರ 2016ರಲ್ಲಿ 'ಸ್ಟಾರ್ಟ್‌ಅಪ್ ಇಂಡಿಯಾ' ಯೋಜನೆಗೆ ಚಾಲನೆ ನೀಡಿದ ಬಳಿಕ ಎಂಬಿಎ ತರಗತಿಗಳಲ್ಲಿ ನವೋದ್ಯಮದ ಮಾತು ಸಾಮಾನ್ಯವಾಗಿದೆ. ಆದರೆ ಯೋಜನಾ ವರದಿ ಬರೆಯುವುದು ಬೇರೆ, ವ್ಯಾಪಾರ ನಡೆಸುವುದು ಬೇರೆ. ಈ ಅಂತರ ತುಂಬಬಲ್ಲ ಪಾಠಗಳು ಹಾವೇರಿ ಜಿಲ್ಲೆಯ ಮೂರು ಊರುಗಳಲ್ಲಿವೆ.

ಮೊದಲನೆಯದು ಬಂಡವಾಳದ ಪಾಠ. ಕಡುಗೆಂಪು ಬಣ್ಣ ಹಾಗೂ ಕಡಿಮೆ ಖಾರಕ್ಕೆ ಹೆಸರಾದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಇದರ ಆವಕ ಹೆಚ್ಚಾಗಿರುವುದು ಕೆಲವೇ ತಿಂಗಳು, ಬೇಡಿಕೆ ಮಾತ್ರ ವರ್ಷವಿಡೀ. ಖಾರದ ಪುಡಿ ಉದ್ಯಮ ಆರಂಭಿಸುವವರು ಕ್ವಿಂಟಲಿಗೆ 20,000 ರೂಪಾಯಿಯಂತೆ 50 ಕ್ವಿಂಟಲ್ ಖರೀದಿಸಿದರೆನ್ನೋಣ. ಅದಕ್ಕೆ 10 ಲಕ್ಷ ರೂಪಾಯಿ ಬೇಕು. ವಾರ್ಷಿಕ ಶೇ 12ರ ದರದಲ್ಲಿ ಸಾಲ ಪಡೆದು ಎಂಟು ತಿಂಗಳು ದಾಸ್ತಾನು ಇಟ್ಟರೆ ಬಡ್ಡಿಯೇ 80,000 ರೂಪಾಯಿ. ಶೈತ್ಯಾಗಾರದ ಬಾಡಿಗೆ, ತೊಟ್ಟು ತೆಗೆದಾಗಿನ ತೂಕನಷ್ಟ ಬೇರೆ. ಬೆಲೆ 12,000ಕ್ಕೆ ಇಳಿದರೆ ದಾಸ್ತಾನಿನ ಮೌಲ್ಯ 6 ಲಕ್ಷಕ್ಕೆ ಕುಸಿಯುತ್ತದೆ. ಇದು ಬರೀ ಕಾಗದದ ಲೆಕ್ಕವಲ್ಲ. 2024ರ ಮಾರ್ಚ್ 11ರಂದು ದರ ಕುಸಿತದಿಂದ ರೊಚ್ಚಿಗೆದ್ದ ರೈತರು ಬ್ಯಾಡಗಿ ಎಪಿಎಂಸಿ ಕಚೇರಿಗೆ ನುಗ್ಗಿ, ವಾಹನಗಳಿಗೆ ಬೆಂಕಿ ಹಚ್ಚಿದ್ದರು.

ಎರಡನೆಯದು ವಿಶ್ವಾಸದ ಪಾಠ. ರಾಣೆಬೆನ್ನೂರು ಬಿತ್ತನೆ ಬೀಜದ ವಹಿವಾಟಿಗೆ ಹೆಸರಾದ ಊರು. ಅರೆಬರೆ ಸಿದ್ಧವಾದ ಉತ್ಪನ್ನವನ್ನೂ ಬೇಗ ಮಾರುಕಟ್ಟೆಗೆ ಬಿಡಿ, ದೋಷಗಳನ್ನು ಆಮೇಲೆ ಸರಿಪಡಿಸಿ ಎಂಬುದು ಮೊಬೈಲ್ ತಂತ್ರಾಂಶಗಳಿಗೆ ಒಪ್ಪುವ ಸೂತ್ರ. ಬೀಜಕ್ಕೆ ಅದು ಒಪ್ಪದು. ಬೀಜದ ದೋಷ ಬಯಲಾಗುವ ಹೊತ್ತಿಗೆ ರೈತನ ಹಂಗಾಮೇ ಕೈತಪ್ಪಿರುತ್ತದೆ. ಮೊಳಕೆ ಪರೀಕ್ಷೆ, ಪರವಾನಗಿ, ದೂರಿಗೆ ಸ್ಪಂದಿಸುವ ವ್ಯವಸ್ಥೆ ಇವೆಲ್ಲ ಮಾರಾಟಕ್ಕೆ ಮುನ್ನವೇ ಸಿದ್ಧವಿರಬೇಕು.

ಮೂರನೆಯದು ಮೌಲ್ಯವರ್ಧನೆಯ ಪಾಠ. ಏಲಕ್ಕಿ ಬೆಳೆಯುವುದು ಮಲೆನಾಡಿನಲ್ಲಿ. ಅದು ಹಾರವಾಗಿ ಗಣ್ಯರ ಕೊರಳೇರುವುದು ಹಾವೇರಿಯಲ್ಲಿ. ಇಲ್ಲಿ ಬೆಲೆ ಹೆಚ್ಚಿಸುವುದು ಕುಶಲಕರ್ಮಿಯ ಕೈ. ಆದರೆ ಸನ್ಮಾನ, ಸಮಾರಂಭಗಳಾಚೆಗೆ ಹಾರ ಕೊಳ್ಳುವವರು ಯಾರು? ಉತ್ತರ ಗ್ರಂಥಾಲಯದಲ್ಲಿ ಸಿಗದು, ಗ್ರಾಹಕರನ್ನೇ ಕೇಳಬೇಕು.

ಆದ್ದರಿಂದ ನಿರ್ವಹಣಾ ಕಾಲೇಜುಗಳು ವಿದ್ಯಾರ್ಥಿ ತಂಡಗಳಿಗೆ ಅಲ್ಪ ಬಂಡವಾಳ ನೀಡಿ, ಒಂದು ಸೆಮಿಸ್ಟರ್ ನಿಜವಾದ ವ್ಯಾಪಾರ ಮಾಡಿಸುವುದು ಸೂಕ್ತ. ಮೌಲ್ಯಮಾಪನದಲ್ಲಿ ಪ್ರಾಧ್ಯಾಪಕರ ಜೊತೆ ವರ್ತಕರೂ ರೈತರೂ ಇರಲಿ. ಅಂಕಗಳು ಲಾಭಕ್ಕಲ್ಲ, ಪ್ರಾಮಾಣಿಕ ಲೆಕ್ಕಕ್ಕೆ ಸಲ್ಲಲಿ. ಆ ಬಳಿಕ ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್, ಬೆಂಗಳೂರು ಐಐಎಂನ ಎನ್‌ಎಸ್‌ಆರ್‌ಸಿಇಎಲ್‌ನಂತಹ ಪೋಷಣಾ ಕೇಂದ್ರಗಳ ಬಾಗಿಲು ತಟ್ಟಬಹುದು. ಕಾಲೇಜಿನಲ್ಲಿ ಐದು ಸಾವಿರ ರೂಪಾಯಿ ಕಳೆದುಕೊಂಡು ಕಲಿತವರು, ಮುಂದೆ ಮನೆಯವರ ಐದು ಲಕ್ಷ ತೊಡಗಿಸುವ ಮುನ್ನ ಒಮ್ಮೆ ಲೆಕ್ಕ ಹಾಕಿಯಾರು.