ಕೇಪಿನ ಕೋವಿಯ ಕುಲುಮೆ

ಪುತ್ತೂರಿನಿಂದ ಸವಣೂರು ದಾಟಿ ಕಾಣಿಯೂರಿನ ಕಡೆಗೆ ಹೋಗುವಾಗ ಮುಖ್ಯರಸ್ತೆ ಬಿಟ್ಟು ಒಳಗೆ ಇಳಿದರೆ ದಾರಿಯ ಎರಡೂ ಬದಿ ಅಡಿಕೆ ತೋಟ. ನಾನು ಹುಡುಕಿಕೊಂಡು ಹೋದ ಕುಲುಮೆ ಇರುವುದು ಅಂಥದೊಂದು ತೋಟದ ಅಂಚಿನಲ್ಲಿ. ತಿದಿಯ ಜಾಗದಲ್ಲಿ ಈಗ ಕರೆಂಟಿನ ಬ್ಲೋವರ್ ಇದೆ. ಅಡಿಗಲ್ಲು, ಇಕ್ಕುಳ, ಸಾಲಾಗಿ ಜೋಡಿಸಿಟ್ಟ ಅರಗಳು ಹಳೆಯವೇ. ಗೋಡೆಗೆ ಒರಗಿಸಿದ ಕೋವಿಗಳ ಕುತ್ತಿಗೆಗೆ ರಟ್ಟಿನ ಚೀಟಿ ಕಟ್ಟಿದೆ. ಅದರಲ್ಲಿ ಯಜಮಾನರ ಹೆಸರು, ಲೈಸೆನ್ಸ್ ನಂಬರು. ಚೀಟಿಯಿಲ್ಲದ ಕೋವಿಯನ್ನು ಕುಲುಮೆಯ ಯಜಮಾನರಾದ ಆಚಾರ್ಯರು ಮುಟ್ಟುವುದೂ ಇಲ್ಲ.

ನಾನು ಕೂತಿದ್ದಾಗಲೇ ಹಿರಿಯ ಕೃಷಿಕರೊಬ್ಬರು ಗೋಣಿಯಲ್ಲಿ ಸುತ್ತಿದ ಕೋವಿ ತಂದರು. "ಆಚಾರ್ರೇ, ಕುದುರೆ ನಿಲ್ಲುದಿಲ್ಲ ಮಾರಾಯ್ರೆ, ಎಳೆದ ಕೂಡ್ಲೇ ಬೀಳ್ತದೆ." ಕುದುರೆಯೆಂದರೆ ಹಿಂದಕ್ಕೆಳೆದು ನಿಲ್ಲಿಸುವ ಕೋವಿಯ ಸುತ್ತಿಗೆ. ಆಚಾರ್ಯರು ಮೊದಲು ಮಾಡಿದ್ದು ನಳಿಗೆಗೆ ಕಡ್ಡಿ ಇಳಿಸಿ ನೋಡುವ ಕೆಲಸ. ಕಡ್ಡಿ ತಳ ಮುಟ್ಟಿದರೆ ಒಳಗೆ ಮದ್ದಿಲ್ಲ ಎಂದು ಲೆಕ್ಕ. ಆಮೇಲೆ ತಿರುಪು ಬಿಚ್ಚಿ, ಸವೆದ ಹಲ್ಲನ್ನು ಬೆಳಕಿಗೆ ಹಿಡಿದು, "ನಾಳೆ ಬನ್ನಿ, ಆಯ್ತಾ" ಎಂದರು.

ಕುಲುಮೆಯ ಹಿಂಬದಿಯ ಮೊಳೆಯಲ್ಲಿ ನಳಿಗೆ, ಹಿಡಿ ಎರಡೂ ಇಲ್ಲದ ಒಂದು ಯಂತ್ರದ ತುಂಡು ತೂಗುತ್ತಿತ್ತು. ಚಕಮಕಿ ಕೋವಿಯದ್ದು. ಕುದುರೆಯ ಬಾಯಲ್ಲಿ ಕಲ್ಲಿನ ಚೂರು ಕಚ್ಚಿಸಿ, ಆಚಾರ್ಯರು ಅದನ್ನು ಹಿಂದಕ್ಕೆಳೆದು ಬಿಟ್ಟರು. ಕಲ್ಲು ಉಕ್ಕಿನ ತಗಡಿಗೆ ಉಜ್ಜಿತು, ಕಿಡಿ ಉದುರಿತು. ಈ ಕಿಡಿ ಬಟ್ಟಲಿನ ರಂಜಕಕ್ಕೆ, ಅಂದರೆ ಹೊತ್ತಿಸುವ ಮದ್ದಿಗೆ ತಾಗಿ, ಸಣ್ಣ ತೂತಿನಿಂದ ಬೆಂಕಿ ನಳಿಗೆಯೊಳಕ್ಕೆ ಹೋಗಬೇಕು. ರಂಜಕ ತೇವವಾದರೆ ಕೋವಿ ಮೂಕ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯುವ ಈ ಸೀಮೆಯಲ್ಲಿ ಆ ಕೋವಿಯನ್ನು ನಂಬಿ ಬದುಕಿದವರ ಪಾಡು ಎಂಥದ್ದಿರಬೇಕು! 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಪೆಟ್ಟು ಬಿದ್ದರೆ ಹೊತ್ತಿಕೊಳ್ಳುವ ಮದ್ದಿಗೆ ಪೇಟೆಂಟ್ ಪಡೆದರು. ಮುಂದೆ ಅಂಥ ಮದ್ದು ತುಂಬಿದ ತಾಮ್ರದ ಕೇಪು ಬಂತು. ನಮ್ಮ ತೋಟದ ಮನೆಗಳಲ್ಲಿ ಉಳಿದದ್ದು ಈ ಕೇಪಿನ ಕೋವಿ.

ಚಕಮಕಿಯ ಕಾಲದ ದೊಡ್ಡ ಕಥೆ ನಡೆದ ಬೆಳ್ಳಾರೆ ಇಲ್ಲಿಂದ ದೂರವಿಲ್ಲ. 1837ರ ಮಾರ್ಚ್ ಕೊನೆಗೆ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ರೈತರು ಅಲ್ಲಿನ ಈಸ್ಟ್ ಇಂಡಿಯಾ ಕಂಪನಿಯ ಖಜಾನೆಯನ್ನು ವಶಪಡಿಸಿಕೊಂಡು, ಏಪ್ರಿಲ್ ಮೊದಲ ವಾರಕ್ಕೆ ಮಂಗಳೂರು ತಲುಪಿದ್ದರು. ಆಗ ಕಂಪನಿ ಸಿಪಾಯಿಗಳ ಕೈಯಲ್ಲಿದ್ದದ್ದೂ ಚಕಮಕಿ ಕೋವಿಯೇ. ಬೆಳ್ಳಾರೆಯಿರುವ ಅಮರ ಸುಳ್ಯ ಸೀಮೆ 1834ರವರೆಗೆ ಕೊಡಗಿನ ಅರಸರದ್ದು. ಅರಸನನ್ನು ಇಳಿಸಿದ ಮೇಲೆ ಬ್ರಿಟಿಷರು ಅದನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಆ ಗಡಿಗೆರೆಯ ಫಲವನ್ನು ಈ ಕುಲುಮೆಗೆ ಬರುವವರು ಇಂದಿಗೂ ಉಣ್ಣುತ್ತಿದ್ದಾರೆ. ಸಂಪಾಜೆ ಘಾಟಿಯ ಆಚೆ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸ್ ಬೇಕಿಲ್ಲ. ಆ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ. ಈಚೆಯವರಿಗೆ ಅರ್ಜಿ, ಪೊಲೀಸ್ ವರದಿ, ನವೀಕರಣ.

ಕಾನೂನು ಕೃಷಿಕನನ್ನು ಮರೆತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್, ಬೆಳೆ ರಕ್ಷಣೆಗೆಂದು ಬಾಯಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಟ್ಟೇ ಹೇಳುತ್ತದೆ. ಆದರೆ ಅದನ್ನು ಮಾಡುವ, ದುರಸ್ತಿ ಮಾಡುವ ಕೈಗಳಿಗೂ ಲೈಸೆನ್ಸ್ ಬೇಕು. ಲೈಸೆನ್ಸ್ ಇಲ್ಲದೆ ಕೋವಿ ಮಾಡಿದರೆ 2019ರ ತಿದ್ದುಪಡಿಯ ನಂತರ ಕನಿಷ್ಠ ಏಳು ವರ್ಷ ಜೈಲು, ಜೀವಾವಧಿಯೂ ಆಗಬಹುದು. ಕಳ್ಳಕೋವಿಗೆ ಆ ಬಿಗಿ ಬೇಕೇ ಬೇಕು. ಅಷ್ಟೇ ಗಟ್ಟಿಯಾಗಿ ಹೇಳುತ್ತೇನೆ, ಸಾಚಾ ಕಸುಬುದಾರನಿಗೆ ಕೆಲಸ ಕಲಿಸಲು, ಲೈಸೆನ್ಸನ್ನು ಮುಂದಿನವರಿಗೆ ದಾಟಿಸಲು ಸಲೀಸಾದ ದಾರಿಯೂ ಬೇಕು. ಈ ಆಚಾರ್ಯರ ಮಗ ಬೆಂಗಳೂರಿನಲ್ಲಿದ್ದಾನೆ. ಹೊಸ ಕೋವಿ ಇಲ್ಲಿ ಹುಟ್ಟದೆ ಬಹಳ ಕಾಲವಾಯಿತು; ಬರುವುದೆಲ್ಲ ರಿಪೇರಿ.

ತೋಟದವರಿಗೆ ಇದು ಸದ್ದಿನ ಸಾಧನ. ಬೊಂಡ ಕೊರೆಯುವ ಮಂಗ, ಬುಡ ಅಗೆಯುವ ಹಂದಿ, ಬೇಲಿ ಮುರಿದು ನುಗ್ಗುವ ಕಾಟಿ, ಎಲ್ಲಕ್ಕೂ ಆಕಾಶಕ್ಕೊಂದು ಈಡು. ಆನೆ ಬಂದರೆ ಧೈರ್ಯಕ್ಕೆ ಅದೂ ಸಾಲದು. 2023ರ ಫೆಬ್ರುವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಕಾಡಾನೆ ಇಬ್ಬರನ್ನು ಕೊಂದಿತು. ಅವರಲ್ಲೊಬ್ಬಳು ಬೆಳಗ್ಗೆ ಹಾಲಿನ ಸೊಸೈಟಿಗೆ ಕೆಲಸಕ್ಕೆ ಹೊರಟಿದ್ದ ಯುವತಿ.

ಹಾಗಾಗಿಯೇ ಚುನಾವಣೆ ಬಂತೆಂದರೆ ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲ್ಲೂಕಿನವರಿಗೆ ಸಂಕಟ. ಕೋವಿ ಠಾಣೆಯಲ್ಲಿ ಠೇವಣಿ ಇಡಬೇಕು. ವಿನಾಯಿತಿ ಬೇಕಾದವರು ಜಿಲ್ಲಾ ಪರಿಶೀಲನಾ ಸಮಿತಿಯ ಮುಂದೆ ಅರ್ಜಿ ಹಾಕಬೇಕು. 2024ರಲ್ಲಿ ಮಾರ್ಚ್ 16ಕ್ಕೆ ಶುರುವಾದ ನೀತಿ ಸಂಹಿತೆ ಜೂನ್ ಮೊದಲ ವಾರದವರೆಗೆ ಇತ್ತು. ಕಾಡಿನಲ್ಲಿ ನೀರು ಬತ್ತಿ ಪ್ರಾಣಿಗಳು ತೋಟಕ್ಕಿಳಿಯುವುದು ಆ ತಿಂಗಳುಗಳಲ್ಲೇ.

"ವಾಪಸು ಬಂದ ಕೋವಿ ಸೀದಾ ಇಲ್ಲಿಗೇ ಬರ್ತದೆ," ಎಂದರು ಆಚಾರ್ಯರು, ಅರ ಕೈಗೆತ್ತಿಕೊಳ್ಳುತ್ತ. "ಎಣ್ಣೆ ಕಾಣದೆ ನಳಿಗೆ ಒಳಗೆ ತುಕ್ಕು. ಮಳೆ ಶುರುವಾಗುದ್ರೊಳಗೆ ಬಿಡಿಸಿ ಕೊಡ್ಬೇಕು, ಇಲ್ಲದಿದ್ರೆ ಆ ನಳಿಗೆ ಮತ್ತೆ ಉಪಯೋಗಕ್ಕಿಲ್ಲ."